ಅಂಕಿತವಿಲ್ಲದ ಕುಣಿತ

(ಶಿರಸಿಯಲ್ಲಿ ಕಾಲೇಜು ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ಮೊದಲು ಮನೆಯ ಕಥೆಯೊಂದು ಹೇಳ್ತೇನೆ. 2020ರ ಫೆಬ್ರುವರಿ. ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ, ಟಿಕ್‌ಟಾಕ್ ನಮ್ಮಲ್ಲಿ ಇನ್ನೂ ಇತ್ತು. ನಮ್ಮ ಅಣ್ಣನ ಮಗಳಿಗೆ ಆಗ 12 ವರ್ಷ. ರಾತ್ರಿ ಊಟದ ಹೊತ್ತು, ಅಮ್ಮ ತಟ್ಟೆ ಹಾಕಿ ಕರೀತಾ ಇದ್ದಾರೆ, ಇವಳು ಮಾತ್ರ ಹಾಲ್‌ನಲ್ಲಿ ಟಿವಿ ಮುಂದೆ ನಿಂತು ಕೈ ತಿರುಗಿಸ್ತಾ, ಮೊಣಕೈ ಎತ್ತಿ ಇಳಿಸ್ತಾ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಅಲೆ ಹಾಯಿಸ್ತಾ ಇದ್ದಳು. ನೋಡೋಕೆ ಸುಲಭ, ಮಾಡೋಕೆ ಹೋದರೆ ಕೈ ಗಂಟು ಬೀಳುತ್ತೆ, ಅಂಥ ವೇಗ. "ಅತ್ತೆ, ನೋಡು ನೋಡು" ಅಂತ ನಾಲ್ಕು ಸಲ ಮಾಡಿ ತೋರಿಸಿದಳು.

"ಚೆನ್ನಾಗಿದೆ ಪುಟ್ಟಿ. ಯಾರು ಮಾಡಿದ್ದು ಇದನ್ನ?"

"ಚಾರ್ಲಿ, ಅತ್ತೆ. ಎಲ್ರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು, ನಿಜ. ಆದರೆ ಎಲ್ಲರಿಗೂ ಗೊತ್ತಿದ್ದದ್ದು ತಪ್ಪು. ಚಾರ್ಲಿ ಡಮೇಲಿಯೊ ಅಮೆರಿಕದ ಕನೆಕ್ಟಿಕಟ್‌ನ ಬಿಳಿಯ ಹುಡುಗಿ, ಆಗ ಟಿಕ್‌ಟಾಕ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬಳು. ಆ ಕುಣಿತದ ಹೆಸರು ರೆನೆಗೇಡ್. ಅದನ್ನು ಕಟ್ಟಿದ್ದು ಜಲಾಯಾ ಹಾರ್ಮನ್ ಅನ್ನುವ 14 ವರ್ಷದ ಕಪ್ಪು ಹುಡುಗಿ. ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾದ ಪಕ್ಕದ ಫೇಯೆಟ್‌ವಿಲ್ ಅವಳ ಊರು.

ಇಲ್ಲೊಂದು ಮಾತು. "ಕಪ್ಪು ಜನ" ಅಂತಲೇ ನಾನು ಹೇಳ್ತೇನೆ, ಯಾಕೆಂದರೆ ಅವರು ತಮ್ಮನ್ನು ಕರೆದುಕೊಳ್ಳುವುದು ಹಾಗೆ, ಹೆಮ್ಮೆಯಿಂದ. ನಮ್ಮ ಹಳೆಯ ಪುಸ್ತಕಗಳಲ್ಲಿ ಬೇರೆ ಪದಗಳಿವೆ, ಅವನ್ನು ಬಿಟ್ಟುಬಿಡೋಣ.

ಜಲಾಯಾ 2019ರ ಸೆಪ್ಟೆಂಬರಿನಲ್ಲಿ ಒಂದು ದಿನ ಶಾಲೆ ಮುಗಿಸಿ ಮನೆಗೆ ಬಂದು, ಅಟ್ಲಾಂಟಾದವನೇ ಆದ ಹಾಡುಗಾರ ಕೆ ಕ್ಯಾಂಪ್‌ನ ಲಾಟರಿ ಹಾಡಿಗೆ ಈ ಹೆಜ್ಜೆಗಳನ್ನು ಜೋಡಿಸಿದಳು. ಗೆಳತಿಯ ಜೊತೆ ಮಾಡಿ ಮೊದಲು ಫನಿಮೇಟ್ ಅನ್ನುವ ಚಿಕ್ಕ ಆ್ಯಪ್‌ನಲ್ಲಿ ಹಾಕಿದಳು, ಆಮೇಲೆ ಇನ್‌ಸ್ಟಾಗ್ರಾಮ್‌ಗೆ. ಮುಂದಿನ ತಿಂಗಳು ಯಾರೋ ಅದನ್ನು ಟಿಕ್‌ಟಾಕ್‌ಗೆ ತಂದರು. ಅಲ್ಲಿಂದ ದೊಡ್ಡ ದೊಡ್ಡ ಹೆಸರಿನವರು ಮಾಡಿದರು, ಕೋಟಿಗಟ್ಟಲೆ ಜನ ನೋಡಿದರು, ಶಿರಸಿಯ ನಮ್ಮ ಹಾಲ್‌ಗೂ ಬಂತು. ಹುಡುಗಿಯ ಹೆಸರು ಮಾತ್ರ ದಾರಿಯಲ್ಲೇ ಎಲ್ಲೋ ಉದುರಿಹೋಯಿತು. ಅವಳು ಸುಮ್ನೆ ಕೂರಲಿಲ್ಲ. ಆ ವಿಡಿಯೊಗಳ ಕೆಳಗೆ ಹೋಗಿ, ಇದು ನಾನು ಮಾಡಿದ್ದು, ದಯವಿಟ್ಟು ನನ್ನನ್ನು ಟ್ಯಾಗ್ ಮಾಡಿ ಅಂತ ಬರೆದಳು. ಜಾಸ್ತಿ ಜನ ಗಮನಿಸಲೇ ಇಲ್ಲ, ಕೆಲವರು ಗೇಲಿ ಮಾಡಿದರು. 14 ವರ್ಷದ ಹುಡುಗಿ, ತನ್ನದೇ ಕುಣಿತದ ಕೆಳಗೆ ನಿಂತು ತನ್ನ ಹೆಸರಿಗಾಗಿ ಬೇಡಿಕೊಳ್ಳೋದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವಳ ಕಥೆ ಬರೆಯಿತು. ಅಲ್ಲಿಂದ ಗಾಳಿ ತಿರುಗಿತು. ಅದೇ ತಿಂಗಳು ಶಿಕಾಗೋದಲ್ಲಿ ನಡೆದ ಎನ್‌ಬಿಎ ಆಲ್‌ಸ್ಟಾರ್ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಅವಳೇ ನಿಂತು ಕುಣಿದಳು. ಚಾರ್ಲಿಯೂ ಅವಳ ಹೆಸರು ಹೇಳಿದಳು, ಜೊತೆಗೆ ಕುಣಿದಳು. ಚಾರ್ಲಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳೂ ಆಗ ಹದಿನೈದರ ಹುಡುಗಿಯೇ.

ನನ್ನ ಇವತ್ತಿನ ಮಾತಿನ ಬೇರು ಇಲ್ಲೇ ಇದೆ. ಸೋಷಿಯಲ್ ಮೀಡಿಯಾದಲ್ಲಿ ಕಪ್ಪು ಕ್ರಿಯೇಟರ್‌ಗಳು ಜನರಿಗೆ ಸ್ಫೂರ್ತಿ ಕೊಡ್ತಾರೆ, ಬಲ ಕೊಡ್ತಾರೆ ಅಂತ ಎಲ್ಲರೂ ಹೇಳ್ತಾರೆ. ಕೊಡ್ತಾರೆ, ನಿಜ. ಆದರೆ ಆ ಬಲ ಎಲ್ಲಿಂದ ಬಂತು ಅಂತ ನಾನು ಹುಡುಕಿಕೊಂಡು ಹೋದಾಗೆಲ್ಲ ಸಿಕ್ಕಿದ್ದು ಒಂದೇ ಜಾಗ. ತಾವು ಮಾಡಿದ ಕೆಲಸದ ಮೇಲೆ ತಮ್ಮ ಹೆಸರು ಇರಲೇಬೇಕು ಅಂತ ಅವರು ಹಿಡಿದ ಹಟ.

ನಮಗೆ ಇದು ಹೊಸದಲ್ಲ. ವಚನ ತಗೊಳ್ಳಿ, ಕೊನೆಯಲ್ಲಿ ಅಂಕಿತ ಇರುತ್ತೆ. ಚೆನ್ನಮಲ್ಲಿಕಾರ್ಜುನ ಅಂತ ಬಂದರೆ ಅಕ್ಕಮಹಾದೇವಿ, ಕೂಡಲಸಂಗಮದೇವ ಅಂದರೆ ಬಸವಣ್ಣ. ದಾಸರ ಪದದಲ್ಲಿ ಪುರಂದರ ವಿಠಲ ಅಂದರೆ ಹೇಳೋದೇ ಬೇಡ. ಇಟ್ಟಿದ್ದು ದೇವರ ಹೆಸರು, ಆದರೂ ಐನೂರು, ಎಂಟುನೂರು ವರ್ಷ ಕಳೆದ ಮೇಲೂ ಇದು ಯಾರ ಮಾತು ಅಂತ ತಿಳಿಯುತ್ತೆ. ಬೀಸುವ ಕಲ್ಲಿನ ಮುಂದೆ ಕೂತು ಹಾಡು ಕಟ್ಟಿದ ನಮ್ಮ ಅಜ್ಜಿಯರ ಅಜ್ಜಿಯರು ಅಂಕಿತ ಇಡಲಿಲ್ಲ. ಹಾಡು ಉಳಿಯಿತು, "ಜಾನಪದ" ಅಂತ ಒಂದು ಹೆಸರೂ ಬಂತು, ಕಟ್ಟಿದವಳು ಯಾರು ಅಂತ ಕೇಳಿದರೆ ಉತ್ತರ ಇಲ್ಲ. ಜಲಾಯಾಳ ಕುಣಿತ ಐದೇ ತಿಂಗಳಲ್ಲಿ ಹೀಗೆ ಜಾನಪದ ಆಗಿಬಿಟ್ಟಿತ್ತು, ಅವಳು ಇನ್ನೂ ಶಾಲೆಯಲ್ಲಿ ಇದ್ದಾಗಲೇ.

ಅವಳು ಮೊದಲನೆಯವಳೂ ಅಲ್ಲ. 2014ರಲ್ಲಿ ವೈನ್ ಅನ್ನುವ ಆ್ಯಪ್ ಇತ್ತು, ಒಂದೊಂದು ವಿಡಿಯೊ 6 ಸೆಕೆಂಡ್. ಕೇಲಾ ನ್ಯೂಮನ್ ಅನ್ನುವ ಶಿಕಾಗೋ ಕಡೆಯ ಹುಡುಗಿ ಹೊಸದಾಗಿ ತೀಡಿಸಿಕೊಂಡ ಹುಬ್ಬು ತೋರಿಸುತ್ತಾ, ಹುಬ್ಬು "ಆನ್ ಫ್ಲೀಕ್" ಅಂದಳು. ಅಂದರೆ ಒಂದು ಕೂದಲೂ ಆಚೀಚೆ ಇಲ್ಲ, ಅಚ್ಚುಕಟ್ಟು. ಆ ಮಾತು ಅವಳ ಬಾಯಲ್ಲಿ ಸುಮ್ನೆ ಬಂದದ್ದು. ಕೆಲವೇ ತಿಂಗಳಲ್ಲಿ ಅಮೆರಿಕದ ಪ್ಯಾನ್‌ಕೇಕ್ ಹೋಟೆಲ್ ಸರಪಳಿಯೊಂದು ತನ್ನ ಜಾಹೀರಾತಿಗೆ ಅದನ್ನೇ ಬಳಸಿತು, ಬಟ್ಟೆ ಅಂಗಡಿಗಳಲ್ಲಿ ಟೀಶರ್ಟ್ ಮೇಲೆ ಬಂತು, ಹಾಡುಗಳಲ್ಲಿ ಬಂತು. ಮಾತು ಹುಟ್ಟಿಸಿದವಳು ಮೂರು ವರ್ಷ ಆದ ಮೇಲೆ ತನ್ನದೇ ಸೌಂದರ್ಯ ಸಾಮಗ್ರಿ ಶುರು ಮಾಡಲು ಇಂಟರ್‌ನೆಟ್‌ನಲ್ಲಿ ಜನರ ಹತ್ತಿರ ಹಣ ಕೇಳಬೇಕಾಯಿತು. ಕಾನೂನಿನ ಪ್ರಕಾರ ಎರಡು ಪದಕ್ಕೆ ಕಾಪಿರೈಟ್ ಇಲ್ಲ. ಅದು ನನಗೂ ಗೊತ್ತು. ಆದರೂ ಮನಸ್ಸು ಒಪ್ಪಲ್ಲ, ಅಲ್ವಾ?

ನನ್ನದೂ ಒಂದು ಸಣ್ಣ ಅನುಭವ ಹೇಳ್ತೇನೆ. ಅವರ ನಷ್ಟಕ್ಕೆ ಹೋಲಿಸಲು ಅಲ್ಲ, ಹೊಟ್ಟೆಯಲ್ಲಿ ಏನಾಗುತ್ತೆ ಅಂತ ತಿಳಿಯಲಿ ಅಂತ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ನಾನು ವಿಡಿಯೊ ಮಾಡಿ ಹಾಕಿದ್ದೆ. ಮಿಡಿಯ ತೊಟ್ಟು ಎಷ್ಟು ಬಿಟ್ಟು ಮುರಿಯಬೇಕು, ಸೊನೆ ಸಿಡಿಯದ ಹಾಗೆ ಹೇಗೆ ಹಿಡಿಯಬೇಕು, ಉಪ್ಪಿನಲ್ಲಿ ಹಾಕಿದ ಮಿಡಿ ಎಷ್ಟು ಸುಕ್ಕಾದರೆ ಹದ ಬಂತು, ಎಲ್ಲಾ ಅಮ್ಮನ ಬಾಯಲ್ಲೇ ಇತ್ತು. ಯಾವುದೋ ಪೇಜ್‌ನವರು ಅದನ್ನು ಎತ್ತಿಕೊಂಡು, ಅಮ್ಮನ ದನಿ ತೆಗೆದು, ಮೇಲೆ ಒಂದು ಹಾಡು ಹಾಕಿ, "ಅಜ್ಜಿ ಕಾಲದ ರುಚಿ" ಅಂತ ಬರೆದು ಬಿಟ್ಟರು. ನಮ್ಮದಕ್ಕಿಂತ ನೂರು ಪಟ್ಟು ಜನ ನೋಡಿದರು. ಅಮ್ಮನಿಗೆ ತೋರಿಸಿದೆ. ಅವರು ಬೇರೇನೂ ಹೇಳಲಿಲ್ಲ. "ನಾನು ಹೇಳಿದ್ದು ಎಲ್ಲಿ ಹೋಯ್ತೇ?" ಅಂತ ಮಾತ್ರ ಕೇಳಿದರು.

ಮತ್ತೆ ಅಮೆರಿಕಕ್ಕೆ ಬರೋಣ. 2021ರ ಮಾರ್ಚ್‌ನಲ್ಲಿ ಜಿಮ್ಮಿ ಫ್ಯಾಲನ್ ಅವರ ರಾತ್ರಿ ಟಿವಿ ಕಾರ್ಯಕ್ರಮಕ್ಕೆ ಆ್ಯಡಿಸನ್ ರೇ ಅನ್ನುವ ಬಿಳಿಯ ಟಿಕ್‌ಟಾಕ್ ತಾರೆ ಬಂದು ಒಂದರ ಹಿಂದೆ ಒಂದು 8 ಕುಣಿತ ಮಾಡಿ ತೋರಿಸಿದಳು. ಕಟ್ಟಿದವರ ಹೆಸರು ಒಂದೂ ಇಲ್ಲ, ಅವರಲ್ಲಿ ಹಲವರು ಕಪ್ಪು ಹುಡುಗ ಹುಡುಗಿಯರು. ಕಾರ್ಡಿ ಬಿ ಹಾಡಿಗೆ ಹೆಜ್ಜೆ ಕಟ್ಟಿದ ಮಾಯಾ ಜಾನ್ಸನ್, ಕ್ರಿಸ್ ಕಾಟರ್ ಇದ್ದರು ಅದರಲ್ಲಿ. ಜನ ಬಿಡಲಿಲ್ಲ, ಗಲಾಟೆ ಆಯಿತು. ಮುಂದಿನ ತಿಂಗಳು ಫ್ಯಾಲನ್ ಕುಣಿತ ಕಟ್ಟಿದವರನ್ನೇ ಕಾರ್ಯಕ್ರಮಕ್ಕೆ ಕರೆದು, ಅವರವರ ಕುಣಿತ ಅವರವರ ಕೈಯಲ್ಲೇ ಮಾಡಿಸಿದರು.

ಅದೇ ವರ್ಷ ಜೂನ್‌ನಲ್ಲಿ ನಡೆದದ್ದು ನನಗೆ ತುಂಬಾ ಇಷ್ಟ. ಹಾಡುಗಾರ್ತಿ ಮೇಗನ್ ದೀ ಸ್ಟ್ಯಾಲಿಯನ್ ಅವರ ಹೊಸ ಹಾಡು ಬಂತು. ಅವರ ಹಾಡು ಬಂದರೆ ಎರಡು ದಿನದಲ್ಲಿ ಅದಕ್ಕೆ ಕುಣಿತ ರೆಡಿ, ಇದು ಪದ್ಧತಿ. ಈ ಸಲ ಕಪ್ಪು ಕುಣಿತಗಾರರು, ನಾವು ಕಟ್ಟೋದಿಲ್ಲ ಅಂದರು. ಫ್ಲೋರಿಡಾದ ಆರ್ಲ್ಯಾಂಡೊದಿಂದ ಎರಿಕ್ ಲೂಯಿಸ್ ಒಂದು ವಿಡಿಯೊ ಹಾಕಿದರು. ಹಾಡು ಶುರುವಾಗುತ್ತೆ, ಅವರು ಕುಣಿಯಲು ಸಿದ್ಧವಾದ ಹಾಗೆ ನಿಲ್ಲುತ್ತಾರೆ, ಆದರೆ ಕುಣಿಯೋದಿಲ್ಲ. ಕಪ್ಪು ಜನ ಇಲ್ಲದಿದ್ದರೆ ಈ ಆ್ಯಪ್‌ನಲ್ಲಿ ಏನೂ ಇರುತ್ತಿರಲಿಲ್ಲ ಅನ್ನುವ ಅರ್ಥದ ಸಾಲು ಪರದೆ ಮೇಲೆ ಬರುತ್ತೆ. ಇದೇ ಬ್ಲ್ಯಾಕ್ ಟಿಕ್‌ಟಾಕ್ ಸ್ಟ್ರೈಕ್ ಆಯಿತು. ಆ ಹಾಡಿಗೆ ಬೇರೆಯವರು ಹಾಕಿದ ವಿಡಿಯೊ ನೋಡಿದರೆ ಗೊತ್ತಾಗುತ್ತೆ, ಏನು ಮಾಡಬೇಕು ಅಂತಲೇ ತೋಚದೆ ಸುಮ್ನೆ ಕೈ ಬೀಸ್ತಾ ಇದ್ದಾರೆ. ಗದ್ದೆಗೆ ಆಳು ಬರದ ದಿನವೇ ನಾಟಿ ಮಾಡುವವರು ಯಾರು ಅಂತ ಒಡೆಯನಿಗೆ ಗೊತ್ತಾಗೋದು.

ಈ ಜಗಳದಿಂದ ಒಂದು ಪದ್ಧತಿ ಗಟ್ಟಿಯಾಯಿತು. ವಿಡಿಯೊ ಕೆಳಗೆ "ಡಿಸಿ" ಅಂತ ಬರೆದು ಕಟ್ಟಿದವರ ಹೆಸರು ಹಾಕೋದು. ಡಿಸಿ ಅಂದರೆ ನಮಗೆ ಕಾರವಾರದ ಜಿಲ್ಲಾಧಿಕಾರಿ ನೆನಪಾಗ್ತಾರೆ. ಅಲ್ಲಿ ಡಿಸಿ ಅಂದರೆ ಡ್ಯಾನ್ಸ್ ಕ್ರೆಡಿಟ್. ಎರಡೇ ಅಕ್ಷರ, ಆದರೆ ಅದೇ ಅಂಕಿತ.

ಕೆಲವರು ಕಾನೂನಿನ ದಾರಿ ಹಿಡಿದರು. ಈ ಭಾಗ ಸ್ವಲ್ಪ ನಿಧಾನವಾಗಿ ಹೇಳ್ತೇನೆ. ಅಮೆರಿಕದಲ್ಲಿ ನೃತ್ಯ ಸಂಯೋಜನೆಗೆ 1976ರ ಕಾನೂನಿನಿಂದ ಕಾಪಿರೈಟ್ ಇದೆ. ಆದರೆ ಒಂದೆರಡು ಹೆಜ್ಜೆಗೆ, ಮಾಮೂಲಿ ಸ್ಟೆಪ್‌ಗೆ ಸಿಗೋದಿಲ್ಲ. ಒಟ್ಟು ರಚನೆ ಬೇಕು, ಅದು ಎಲ್ಲಾದರೂ ದಾಖಲಾಗಿರಬೇಕು. ಬಿಯಾನ್ಸೆಯ ಸಿಂಗಲ್ ಲೇಡೀಸ್ ಹಾಡಿಗೆ ನೃತ್ಯ ಕಟ್ಟಿದ ಜಾಕ್ವೆಲ್ ನೈಟ್ 2020ರಲ್ಲಿ ಆ ನೃತ್ಯವನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಅಷ್ಟಕ್ಕೆ ನಿಲ್ಲಲಿಲ್ಲ. ಮುಂದಿನ ವರ್ಷ ಟಿಕ್‌ಟಾಕ್‌ನಲ್ಲಿ ಕುಣಿತ ಕಟ್ಟಿದ ಚಿಕ್ಕ ವಯಸ್ಸಿನವರಿಗೂ ಇದೇ ದಾರಿ ತೋರಿಸಿದರು. ಮೇಗನ್‌ರ ಸ್ಯಾವೇಜ್ ಹಾಡಿಗೆ 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಿನಲ್ಲಿ, ಕುಣಿತ ಕಟ್ಟಿದ ಕಿಯಾರಾ ವಿಲ್ಸನ್ ಅವರಲ್ಲಿ ಒಬ್ಬಳು. ಇದಕ್ಕೆ ಲಾಬಾನೊಟೇಶನ್ ಅನ್ನುವ ಲಿಪಿ ಬಳಸಿದರು. ಸಂಗೀತಕ್ಕೆ ಸ್ವರಲಿಪಿ ಇದ್ದ ಹಾಗೆ ಕುಣಿತಕ್ಕೆ ಲಿಪಿ, ರುಡಾಲ್ಫ್ ಲಾಬಾನ್ ಅನ್ನುವವರು 1928ರಲ್ಲಿ ರೂಪಿಸಿದ್ದು. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುವೆ ಒಂದು ಗೆರೆ, ಗೆರೆಯ ಎಡಕ್ಕೆ ಮೈಯ ಎಡಭಾಗ, ಬಲಕ್ಕೆ ಬಲಭಾಗ. ಚೌಕದ ಆಕಾರ ನೋಡಿದರೆ ಯಾವ ದಿಕ್ಕು ಅಂತ ಗೊತ್ತಾಗುತ್ತೆ, ಚೌಕ ಉದ್ದ ಇದ್ದಷ್ಟು ಚಲನೆ ನಿಧಾನ. ಮನೆಯ ಕೋಣೆಯಲ್ಲಿ ಫೋನ್ ಮುಂದೆ ಕಟ್ಟಿದ ಕುಣಿತ ಈ ಲಿಪಿಯಲ್ಲಿ ಹಾಳೆ ಮೇಲೆ ಇಳಿದು, ಪಕ್ಕದಲ್ಲಿ ಅವಳ ಹೆಸರು ಕೂತಾಗ ಆ ಹುಡುಗಿಗೆ ಹೇಗನಿಸಿರಬೇಕು!

ದುಡ್ಡಿನ ವಿಷಯ ಬೇಗ ಹೇಳಿ ಮುಂದೆ ಹೋಗ್ತೇನೆ. ಎಂಎಸ್‌ಎಲ್ ಅನ್ನುವ ಪ್ರಚಾರ ಸಂಸ್ಥೆ 2021ರ ಕೊನೆಯಲ್ಲಿ ಒಂದು ಅಧ್ಯಯನ ಹೊರತಂದಿತು. ಅಮೆರಿಕದಲ್ಲಿ ಬಿಳಿಯ ಇನ್‌ಫ್ಲುಯೆನ್ಸರ್‌ಗೂ ಕಪ್ಪು ಇನ್‌ಫ್ಲುಯೆನ್ಸರ್‌ಗೂ ಸಂಪಾದನೆಯಲ್ಲಿ ಶೇ 35ರಷ್ಟು ಅಂತರ ಇದೆ, ಕಡಿಮೆ ಸಿಗೋದು ಕಪ್ಪು ಜನಕ್ಕೆ ಅಂತ ಅದರಲ್ಲಿತ್ತು. ಅದಕ್ಕೂ ಮೊದಲು, 2020ರಲ್ಲೇ, ಲಂಡನ್‌ನಲ್ಲಿ ಅಡೆಸುವಾ ಅಜಾಯಿ ಅನ್ನುವವರು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಖಾತೆ ತೆರೆದು, ಯಾವ ಕೆಲಸಕ್ಕೆ ಎಷ್ಟು ಸಿಕ್ಕಿತು ಅಂತ ಹೆಸರು ಹೇಳದೆ ಬರೆದು ಕಳಿಸಿ ಅಂದರು. ಜನ ಬರೆದು ಕಳಿಸಿದರು. ಪಕ್ಕದವನಿಗೆ ಎಷ್ಟು ಕೂಲಿ ಕೊಟ್ಟರು ಅಂತ ಗೊತ್ತಾದ ಮೇಲೆ ತಾನೇ ನಾವು ನಮ್ಮ ಕೂಲಿ ಕೇಳೋದು?

ಯಂತ್ರವೂ ಪಕ್ಷ ವಹಿಸಿತು. 2021ರ ಜುಲೈನಲ್ಲಿ ಜಿಗ್ಗಿ ಟೈಲರ್ ಅನ್ನುವ ಕ್ರಿಯೇಟರ್ ಟಿಕ್‌ಟಾಕ್‌ನ ಜಾಹೀರಾತು ವಿಭಾಗದಲ್ಲಿ ತಮ್ಮ ಪರಿಚಯ ಬರೆಯಲು ಹೋದರು. ಕಪ್ಪು ಜನರಿಗೆ ಬೆಂಬಲ, ಕಪ್ಪು ಜನರ ಯಶಸ್ಸು ಅಂತ ಬರೆದರೆ "ಅನುಚಿತ" ಅಂತ ತಡೆಯಿತು. ಬಿಳಿಯರೇ ಶ್ರೇಷ್ಠ ಅನ್ನುವ ಅರ್ಥದ ಪದ ಹಾಕಿದರೆ ಸರಾಗವಾಗಿ ಹೋಯಿತು. ಅವರು ಅದನ್ನು ಬೆರಳು ಇಟ್ಟು ವಿಡಿಯೊದಲ್ಲಿ ತೋರಿಸಿದರು. ಕಂಪನಿ ತಪ್ಪಾಯಿತು ಅಂತ ಹೇಳಿ ಸರಿಪಡಿಸುತ್ತೇವೆ ಅಂದಿತು.

ಈಗ ಬಣ್ಣದ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ಗೊಲೋರಿಯಾ ಅನ್ನುವ ಯುವತಿ, ದಕ್ಷಿಣ ಸುಡಾನ್ ಮೂಲದವಳು, ಅಮೆರಿಕದಲ್ಲಿ ಬೆಳೆದವಳು. ತುಂಬಾ ಕಪ್ಪು ಮೈಬಣ್ಣ, ಕಣ್ಣು ತುಂಬಿ ನೋಡಬೇಕು ಅನ್ನಿಸುವಷ್ಟು ಚೆಂದ. ಅವಳ ಕೆಲಸ ಸರಳ. ಹೊಸ ಮೇಕಪ್ ಬಂದರೆ, ಅದರಲ್ಲಿ ಅತಿ ಕಪ್ಪು ಮೈಬಣ್ಣಕ್ಕೆ ಅಂತ ಮಾರುವ ಶೇಡ್ ತರಿಸಿ, ತನ್ನ ಮುಖಕ್ಕೆ ಹಚ್ಚಿ ತೋರಿಸೋದು. 2024ರಲ್ಲಿ ಯೂತ್‌ಫೋರಿಯಾ ಅನ್ನುವ ಕಂಪನಿ, ನಿಮಗಾಗಿಯೂ ಶೇಡ್ ಮಾಡಿದ್ದೇವೆ ಅಂತ ಒಂದು ಫೌಂಡೇಶನ್ ತಂದಿತು. ಗೊಲೋರಿಯಾ ಮುಖದ ಒಂದು ಅರ್ಧಕ್ಕೆ ಅದನ್ನು ಹಚ್ಚಿದಳು, ಇನ್ನೊಂದು ಅರ್ಧಕ್ಕೆ ವೇಷ ಹಾಕುವವರು ಬಳಿಯುವ ಕಪ್ಪು ಬಣ್ಣ. ಯಾವ ಕಡೆ ಯಾವುದು ಅಂತ ಗೊತ್ತೇ ಆಗಲ್ಲ. ಡಾಂಬರು ಬಳಿದ ಹಾಗೆ, ಮುಖದಲ್ಲಿ ಜೀವವೇ ಇಲ್ಲ.

ಯಾಕೆ ಹಾಗಾಯಿತು ಅನ್ನುವುದನ್ನು ಜೇವನ್ ಫೋರ್ಡ್ ಅನ್ನುವ ಇನ್ನೊಬ್ಬ ಕಪ್ಪು ಕ್ರಿಯೇಟರ್, ಸ್ವತಃ ಸೌಂದರ್ಯವರ್ಧಕಗಳ ಕೆಮಿಸ್ಟ್, ಬಿಡಿಸಿ ಹೇಳಿದರು. ಮನುಷ್ಯರ ಚರ್ಮ ಎಷ್ಟೇ ಕಪ್ಪಿದ್ದರೂ ಅದರೊಳಗೆ ಕೆಂಪಿದೆ, ಹಳದಿ ಇದೆ. ಅದಕ್ಕೇ ಫೌಂಡೇಶನ್‌ಗೆ ಕೆಂಪು, ಹಳದಿ, ಕಪ್ಪು ಮೂರೂ ಬಣ್ಣದ ಐರನ್ ಆಕ್ಸೈಡ್ ಪುಡಿ ಬೆರೆಸುತ್ತಾರೆ. ಆ ಡಬ್ಬಿಯಲ್ಲಿ ಇದ್ದದ್ದು ಬರೀ ಕಪ್ಪು. ಅಂದರೆ ಅದನ್ನು ಮಾಡಿದವರು ಒಂದು ಕಪ್ಪು ಮುಖವನ್ನು ಹಗಲಿನ ಬೆಳಕಲ್ಲಿ ಹತ್ತಿರದಿಂದ ನೋಡಿಯೇ ಇರಲಿಲ್ಲ ಅಂತ ನಾನು ತಿಳಿಯುತ್ತೇನೆ. ಅದೇ ಗೊಲೋರಿಯಾ ಮಾಡೆಲ್ ಹೇಲಿ ಬೀಬರ್‌ರ ರೋಡ್ ಅನ್ನುವ ಮೇಕಪ್ ಕಂಪನಿಯ ಬ್ಲಶ್ ತನ್ನ ಕೆನ್ನೆಯ ಮೇಲೆ ಬೂದಿಯ ಹಾಗೆ ಕಾಣುತ್ತೆ ಅಂದಾಗ, ಆ ಕಂಪನಿ ಅವಳನ್ನೇ ಕರೆದು ಸಲಹೆ ಕೇಳಿ ಬಣ್ಣ ಸರಿಮಾಡಿತು, ಅದಕ್ಕೆ ದುಡ್ಡೂ ಕೊಟ್ಟಿತು. ಸಲಹೆ ಪುಕ್ಕಟೆ ಅಲ್ಲ ಅನ್ನುವುದು ನನಗೆ ಇಲ್ಲಿ ಮುಖ್ಯ.

ನಮ್ಮಲ್ಲಿ ಹುಡುಗಿ ನೋಡಿಕೊಂಡು ಬಂದವರು ಏನಂತಾರೆ? "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ." ಈ ಸಭೆಯಲ್ಲಿ ಎಷ್ಟು ಜನರ ಮನೆಯಲ್ಲಿ ಈ ಮಾತು ಕೇಳಿಲ್ಲ? ಬಣ್ಣ ಕಮ್ಮಿ ಅಂತೆ. ಕಪ್ಪು ಒಂದು ಬಣ್ಣವೇ ಅಲ್ಲ, ಬಣ್ಣದ ಕೊರತೆ ಅನ್ನುವ ಹಾಗೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತರು. ಡಾರ್ನೆಲ್ಲಾ ಫ್ರೇಜಿಯರ್ ಅನ್ನುವ 17 ವರ್ಷದ ಕಪ್ಪು ಹುಡುಗಿ ಫೋನ್ ಹಿಡಿದು ವಿಡಿಯೊ ಮಾಡುತ್ತಾ ನಿಂತಿದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಬೀದಿ ಬೀದಿಗಳಲ್ಲಿ ಪ್ರತಿಭಟನೆ ಶುರುವಾಗಿ ತಿಂಗಳು ಕಳೆಯುವುದರೊಳಗೆ, ನಮ್ಮ ಅಕ್ಕ ತಂಗಿಯರೆಲ್ಲ ದಶಕಗಳ ಕಾಲ ಹಚ್ಚಿಕೊಂಡ ಕ್ರೀಮ್‌ನ ಹೆಸರಿನಿಂದ "ಫೇರ್" ಅನ್ನುವ ಪದ ತೆಗೆಯುತ್ತೇವೆ ಅಂತ ಹಿಂದೂಸ್ತಾನ್ ಯೂನಿಲಿವರ್ ಹೇಳಿತು, ಅದು "ಗ್ಲೋ" ಆಯಿತು. ಎಲ್ಲಿಯ ಮಿನಿಯಾಪೊಲಿಸ್, ಎಲ್ಲಿಯ ನಮ್ಮ ಕಿರಾಣಿ ಅಂಗಡಿಯ ಕಪಾಟು! ಡಬ್ಬಿಯ ಹೆಸರು ಬದಲಾದರೆ ಸಾಲದು, ನಿಜ. ಆದರೂ ಬದಲಾಯಿತಲ್ಲ.

ಸ್ವಲ್ಪ ಹಗುರ ಆಗೋಣ. ಖಾಬಿ ಲೇಮ್ ಗೊತ್ತಾ? (ಎಲ್ಲರೂ ಕೈ ಮುಂದೆ ಚಾಚಿ ಅಂಗೈ ತೋರಿಸಿದರು.) ಹಾಂ, ಅವರೇ. ಸೆನೆಗಲ್‌ನ ಡಕಾರ್‌ನಲ್ಲಿ ಹುಟ್ಟಿ, ಒಂದು ವರ್ಷದ ಮಗುವಾಗಿ ಇಟಲಿಗೆ ಬಂದು, ಟುರಿನ್ ಹತ್ತಿರದ ಚಿವಾಸೊದಲ್ಲಿ ಸರ್ಕಾರಿ ವಸತಿಯಲ್ಲಿ ಬೆಳೆದವರು. 2020ರ ಮಾರ್ಚ್‌ನಲ್ಲಿ ಫ್ಯಾಕ್ಟರಿ ಕೆಲಸ ಹೋಯಿತು. ಮನೆಯಲ್ಲಿ ಕೂತು ವಿಡಿಯೊ ಮಾಡಿದರು. ಮಾತೇ ಇಲ್ಲ, ಮುಖ ಮತ್ತು ಎರಡು ಕೈ. ಮಾತಿಲ್ಲದ್ದಕ್ಕೇ ಅದು ಭಟ್ಕಳದಲ್ಲೂ ಅರ್ಥವಾಗುತ್ತೆ, ಬ್ರೆಜಿಲ್‌ನಲ್ಲೂ ಅರ್ಥವಾಗುತ್ತೆ. 2022ರ ಜೂನ್‌ನಲ್ಲಿ ಟಿಕ್‌ಟಾಕ್‌ನಲ್ಲಿ ಜಗತ್ತಿನಲ್ಲೇ ಜಾಸ್ತಿ ಫಾಲೋವರ್ಸ್ ಇರುವವರು ಅವರಾದರು, ಚಾರ್ಲಿಯನ್ನು ದಾಟಿ. ಅಷ್ಟಾದರೂ ಇಟಲಿಯ ಪೌರತ್ವ ಅವರ ಕೈಗೆ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಒಂದು ವರ್ಷದ ಮಗುವಾಗಿದ್ದಾಗಿನಿಂದ ಇದ್ದ ದೇಶ ಅದು.

ತಮಗೆ ಸಿಕ್ಕ ಬಲವನ್ನು ಇನ್ನೊಬ್ಬರಿಗೆ ದಾಟಿಸುವುದು ನೋಡಬೇಕಾದರೆ ಕೀತ್ ಲೀ ಅವರನ್ನು ನೋಡಿ. ಮೊದಲು ಕುಸ್ತಿ, ಗುದ್ದಾಟದ ಎಂಎಂಎ ಆಟಗಾರ. ಕ್ಯಾಮೆರಾ ಮುಂದೆ ಮಾತಾಡಲು ಭಯ, ಆ ಭಯ ಕಳೆಯಲಿ ಅಂತಲೇ ಟಿಕ್‌ಟಾಕ್ ಶುರು ಮಾಡಿದವರು. ಚಿಕ್ಕ ಹೋಟೆಲ್‌ಗಳಿಂದ ಪಾರ್ಸೆಲ್ ತರಿಸುತ್ತಾರೆ. ತಾವು ಹೋದರೆ ಗುರುತು ಹಿಡಿದು ಚೆನ್ನಾಗಿ ಬಡಿಸ್ತಾರೆ ಅಂತ ಮನೆಯವರನ್ನು ಕಳಿಸುತ್ತಾರೆ, ದುಡ್ಡು ತಾವೇ ಕೊಡುತ್ತಾರೆ. ಆಮೇಲೆ ಕಾರಿನಲ್ಲೋ ಮನೆಯ ಟೇಬಲ್ ಮುಂದೆಯೋ ಕೂತು, ಒಂದೇ ದನಿಯಲ್ಲಿ, ಇದಕ್ಕೆ ಹತ್ತಕ್ಕೆ ಇಷ್ಟು ಅಂತ ಹೇಳುತ್ತಾರೆ. 2023ರ ಜನವರಿಯಲ್ಲಿ ಲಾಸ್ ವೇಗಸ್‌ನ ಫ್ರಾಂಕೆನ್‌ಸನ್ಸ್ ಅನ್ನುವ ಪಿಜ್ಜಾ ಅಂಗಡಿ ಇವತ್ತೋ ನಾಳೆಯೋ ಬಾಗಿಲು ಹಾಕುವ ಸ್ಥಿತಿಯಲ್ಲಿತ್ತು. ಅವರು ಒಂದು ವಿಡಿಯೊ ಹಾಕಿದರು. ಮರುದಿನ ಅಂಗಡಿ ಮುಂದೆ ಸಾಲು. ಜನರ ನಂಬಿಕೆಯನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವರು ನನಗೆ ಕಂಡದ್ದು ಕಡಿಮೆ.

ಇನ್ನೊಬ್ಬಳ ವಿಷಯ ಹೇಳದೆ ಇಳಿಯೋದಿಲ್ಲ. ಅಲೆಕ್ಸಿಸ್ ನಿಕೋಲ್ ನೆಲ್ಸನ್, ಒಹಾಯೊದ ಕೊಲಂಬಸ್‌ನವಳು, ಬ್ಲ್ಯಾಕ್ ಫೊರೇಜರ್ ಅಂತ ಹೆಸರು. ಅವಳು ಕಾಡಿನಲ್ಲಿ, ಪಾರ್ಕ್‌ನಲ್ಲಿ, ರಸ್ತೆ ಬದಿಯಲ್ಲಿ ಬೆಳೆದ ಸೊಪ್ಪು, ಹಣ್ಣು, ಅಣಬೆ ಕಿತ್ತು ತಂದು ಅಡಿಗೆ ಮಾಡುತ್ತಾಳೆ. ಐದು ವರ್ಷದವಳಿದ್ದಾಗ ಅಮ್ಮ ಹಿತ್ತಲಲ್ಲಿ ಈರುಳ್ಳಿ ವಾಸನೆಯ ಹುಲ್ಲೊಂದನ್ನು ತೋರಿಸಿದರಂತೆ, ಅಲ್ಲಿಂದ ಶುರು. ನೋಡುವಾಗ ನನಗೆ ನಮ್ಮ ಮಳೆಗಾಲವೇ ಕಣ್ಣ ಮುಂದೆ ಬರುತ್ತೆ. ಒಂದೆಲಗದ ತಂಬುಳಿ, ಕೆಸುವಿನ ಎಲೆಯ ಪತ್ರೊಡೆ, ಚಗತೆ ಸೊಪ್ಪು, ಕಳಲೆ. ದುಡ್ಡು ಕೊಟ್ಟು ತಂದದ್ದು ಒಂದೂ ಅಲ್ಲ.

ಆದರೆ ಅವಳು ಹಾಡ್ತಾ ನಗ್ತಾ ಹೇಳುವ ಮಾತಿನ ಒಳಗೆ ಇತಿಹಾಸ ಇದೆ. ಗುಲಾಮರಾಗಿದ್ದ ಕಪ್ಪು ಜನಕ್ಕೆ ಒಡೆಯರು ಕೊಡುವ ಕಾಳು ಸಾಲುತ್ತಿರಲಿಲ್ಲ, ಕಾಡಿನ ಸೊಪ್ಪು ಸದೆ, ಗೆಡ್ಡೆ, ಬೇಟೆಯೇ ಹೊಟ್ಟೆ ತುಂಬಿಸುತ್ತಿತ್ತು. ಗುಲಾಮಗಿರಿ ಹೋದ ಮೇಲೆ ದಕ್ಷಿಣದ ರಾಜ್ಯಗಳು ಬೇರೆಯವರ ಜಾಗಕ್ಕೆ ಕಾಲಿಡುವುದನ್ನೇ ಅಪರಾಧ ಮಾಡುವ ಕಾನೂನು ತಂದವು. ಬಿಡುಗಡೆ ಆದವರ ಹತ್ತಿರ ಸ್ವಂತ ಜಮೀನಿಲ್ಲ, ಕಾಡಿಗೂ ಹೋಗುವ ಹಾಗಿಲ್ಲ, ಹೊಟ್ಟೆಪಾಡಿಗೆ ಮತ್ತೆ ಹಳೆಯ ಒಡೆಯನ ಹೊಲವೇ ಗತಿ. ಹೀಗೆ ಒಂದೆರಡು ತಲೆಮಾರಿನಲ್ಲಿ ಸೊಪ್ಪಿನ ಗುರುತೇ ಮರೆಯಿತು. ಅವಳು ಅದನ್ನು ಮತ್ತೆ ಕಲಿತು ಹಂಚುತ್ತಿದ್ದಾಳೆ. 2022ರಲ್ಲಿ ಅವಳಿಗೆ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು, ಅಡಿಗೆ ಲೋಕದ ದೊಡ್ಡ ಪ್ರಶಸ್ತಿ ಅದು, ಬಂದದ್ದು ಅವಳ ಸೋಷಿಯಲ್ ಮೀಡಿಯಾ ಖಾತೆಗೆ.

ಇಷ್ಟೆಲ್ಲ ದೂರದ ಮಾತಾಡಿ ಹತ್ತಿರದವರನ್ನು ಬಿಟ್ಟರೆ ಸರಿಯಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಲ್ಲಿ ಸಿದ್ದಿಯರಿದ್ದಾರೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಇಲ್ಲಿಗೆ ತರಲ್ಪಟ್ಟವರ ಮಕ್ಕಳ ಮಕ್ಕಳು, ನಮ್ಮ ಹಾಗೇ ಕನ್ನಡ, ಕೊಂಕಣಿ ಆಡುವವರು. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಇವತ್ತಿಗೂ ಸಿದ್ದಿ ಹುಡುಗ ಬೆಂಗಳೂರಿಗೆ ಹೋದರೆ "ಯಾವ ದೇಶ?" ಅಂತ ಕೇಳ್ತಾರೆ, ಇಂಗ್ಲಿಷಿನಲ್ಲಿ. ಅದೇ ಬೆಂಗಳೂರಿನ ಹೊರವಲಯದಲ್ಲಿ 2016ರ ಜನವರಿ ಕೊನೆಗೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈ ಮಾಡಿತ್ತು, ಬೇರೆ ಯಾರೋ ಓಡಿಸಿದ ಕಾರಿನ ಅಪಘಾತಕ್ಕೆ. ಅವಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ.

ನಾನು ಒಮ್ಮೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಸಿದ್ದಿಯರ ಡಮಾಮಿ ಕುಣಿತ ಇತ್ತು. ಚರ್ಮದ ವಾದ್ಯದ ಪೆಟ್ಟು ಎದೆಗೇ ಬಡಿಯುತ್ತೆ, ಕೂತಲ್ಲಿ ಕೂರಲು ಆಗಲ್ಲ. ಆಮಂತ್ರಣ ಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ. ಅತಿಥಿಗಳ ಹೆಸರು, ಅವರ ಡಿಗ್ರಿ, ಹುದ್ದೆ, ಎಲ್ಲಾ ಇದೆ. ಶಾಮಿಯಾನದವರ ಹೆಸರೂ ಇದೆ. ಕುಣಿದ ಹನ್ನೊಂದು ಜನರ ಜಾಗದಲ್ಲಿ ಎರಡು ಪದ ಇದೆ: ಸಿದ್ದಿ ನೃತ್ಯ.

(ಇಲ್ಲಿಗೆ ಮಾತು ಮುಗಿಸಿದೆ. ಪ್ರಶ್ನೆಗಳಲ್ಲಿ ಒಂದನ್ನು ಬರೆಯುತ್ತೇನೆ. ಹುಡುಗರ ನಡುವೆ ಹಿರಿಯರೊಬ್ಬರು ಕೂತಿದ್ದರು, ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವರಂತೆ. ಎದ್ದು ನಿಂತು ಕೇಳಿದರು.)

"ಅಲ್ಲ ತಂಗಿ, ಇವರಿಗೆಲ್ಲ ಕೊನೆಗೆ ದುಡ್ಡು ಸಿಕ್ಕಿತಾ?"

ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ ಅಂದೆ. ಟ್ಯಾಬಿತಾ ಬ್ರೌನ್ ಅನ್ನುವವರ ಉದಾಹರಣೆ ಕೊಟ್ಟೆ. ಉಬರ್ ಓಡಿಸುತ್ತಿದ್ದವರು, ಕಾಯಿಲೆ ಬಿದ್ದು ಸಸ್ಯಾಹಾರಕ್ಕೆ ತಿರುಗಿದರು. 2017ರ ಕೊನೆಯಲ್ಲಿ ಕಾರಿನಲ್ಲಿ ಕೂತು ಒಂದು ಸ್ಯಾಂಡ್‌ವಿಚ್ ತಿನ್ನುತ್ತಾ ಮಾಡಿದ ವಿಡಿಯೊದಿಂದ ಅವರ ದಾರಿಯೇ ಬದಲಾಯಿತು, ಆಮೇಲೆ ಅಮೆರಿಕದ ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿ ಸರಪಳಿಯಲ್ಲಿ ಅವರ ಹೆಸರಿನ ಸಾಮಾನು ಮಾರಾಟಕ್ಕೆ ಬಂತು. ಆನ್ ಫ್ಲೀಕ್ ಹುಡುಗಿಗೆ ಆ ಎರಡು ಪದದಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ ಅಂದೆ. ಅವರು ತಲೆ ಆಡಿಸಿದರು. ಸಭೆ ಚದುರಿ ಮೊಮ್ಮಗಳ ಜೊತೆ ಬಾಗಿಲ ತನಕ ಹೋದವರು ವಾಪಸ್ ಬಂದು, ಕಿಸೆಯಿಂದ ಬಸ್ ಟಿಕೆಟ್ ತೆಗೆದು, ಹಿಂದುಗಡೆ ತಿರುಗಿಸಿ ನನ್ನ ಮುಂದೆ ಹಿಡಿದರು.

"ಆ ಸೊಪ್ಪಿನ ಹುಡುಗಿ ಹೆಸರು ಪೂರ್ತಿ ಬರೆದುಕೊಡು ತಂಗಿ. ಮನೆಯಲ್ಲಿ ಸೊಸೆಗೆ ತೋರಿಸಬೇಕು."

ಬರೆದುಕೊಟ್ಟೆ. ಅಲೆಕ್ಸಿಸ್ ನಿಕೋಲ್ ನೆಲ್ಸನ್.